ಗುಡ್ಡ ಕುಸಿಯುತ್ತದೆ, ತಪ್ಪದೆ ಬರಬೇಕು

ಕಳೆದ ವಾರ ಶಿರಸಿಗೆ ಹೋಗುವ ಬಸ್ಸಿನಲ್ಲಿ ಅರೆನಿದ್ದೆಯಲ್ಲಿದ್ದೆ. ಇದ್ದಕ್ಕಿದ್ದಂತೆ ಬಸ್ಸಿನಲ್ಲಿದ್ದವರ ಮೊಬೈಲುಗಳೆಲ್ಲ ಒಟ್ಟಿಗೇ ಕಿರುಚಿಕೊಂಡವು. ನನ್ನದು ಅಂಗಿಯ ಜೇಬಿನಲ್ಲಿ, ಎದೆಯ ಮೇಲೇ ಇತ್ತಾದ್ದರಿಂದ ಮೊದಲಿಗೆ ಕಿರುಚಿದ್ದು ಹೃದಯವೇ ಅಂದುಕೊಂಡೆ. ತೆಗೆದು ನೋಡಿದರೆ, ಇದು ಆಪತ್ತಿನ ಮುನ್ಸೂಚನೆಯ ಪರೀಕ್ಷೆ, ಗಾಬರಿಯಾಗಬೇಡಿ ಎಂದಿತ್ತು. ಗಾಬರಿಯಾಗಬೇಡಿ ಎಂದು ಯಾರಾದರೂ ಹೇಳಿದ ಮೇಲೆ ಗಾಬರಿಯಾಗದೆ ಇರುವುದು ನನಗೆ ಈ ವಯಸ್ಸಿನವರೆಗೂ ಸಾಧ್ಯವಾಗಿಲ್ಲ. ಪಕ್ಕದಲ್ಲಿದ್ದ ಹುಲೇಕಲ್ ಕಡೆಯ ಹಿರಿಯರೊಬ್ಬರು ಮಾತ್ರ ಮೊಬೈಲಿನ ಬಾಯಿ ಮುಚ್ಚಿಸಿ, ಮತ್ತೆ ಕಿಟಕಿಗೆ ತಲೆಕೊಟ್ಟರು. "ಎಲ್ಲಾರಿಗೂ ಬೈಂದು ಮಾರಾಯ್ರೆ," ಅಂದರು. "ನಮಗೇ ಹೇಳಿ ಬಂದಿದ್ದಲ್ಲ."

ಆ ಮಾತು ಕೇಳಿದ್ದೇ ನನಗೆ ನಮ್ಮೂರಿನ ಅಣಕು ಕಾರ್ಯಾಚರಣೆ ನೆನಪಾಯಿತು.

ನಮ್ಮೂರು ತ್ಯಾಗಲಿಯಿಂದ ಇನ್ನೂ ಒಳಗೆ, ಒಂದು ಗುಡ್ಡದ ಬುಡದಲ್ಲಿದೆ. ಕೆಲವು ವರ್ಷಗಳ ಹಿಂದೆ ಆ ಗುಡ್ಡದ ನೆತ್ತಿಯಲ್ಲೊಂದು ಬಿರುಕು ಕಾಣಿಸಿತು. ಊರಿನವರು ಅದನ್ನು ಕಂಡು, ಗುಡ್ಡ ಅಂದಮೇಲೆ ಬಿರುಕು ಇರುವುದೇ ಎಂದು ಸುಮ್ಮನಾದರು. ನನಗೆ ಸುಮ್ಮನಿರುವ ವಿದ್ಯೆ ತಿಳಿಯದು. ಫ್ಯಾನಿನ ಸದ್ದು ಬದಲಾದರೂ ಎದ್ದು ಕೂರುವವನು ನಾನು. ಗ್ರಾಮಸಭೆಯಲ್ಲಿ ಎದ್ದು ನಿಂತು, ಗುಡ್ಡ ಕುಸಿದರೆ ಏನು ಗತಿ ಎಂದು ಕೇಳಿಯೇಬಿಟ್ಟೆ. ನಮ್ಮ ಗ್ರಾಮ ಆಡಳಿತಾಧಿಕಾರಿ ರೇಣುಕಾ ಹಾವೇರಿ ಕಡೆಯ ಹುಡುಗಿ. ಊರಿನವರು ಇವತ್ತಿಗೂ ಅವರನ್ನು ಶಾನಭೋಗರು ಎಂದೇ ಕರೆಯುತ್ತಾರೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ಹೆದರ್ತೀರಿ ಅಂದ್ರ ನೀವು ಸಮಿತ್ಯಾಗ ಇರಾಕ ಬೇಕ್ರಿ ಸರ" ಅಂದರು. ಹೀಗೆ ಹೆದರಿಕೆಯೊಂದನ್ನೇ ಅರ್ಹತೆಯಾಗಿ ಇಟ್ಟುಕೊಂಡು ನಾನು ಊರಿನ ವಿಪತ್ತು ನಿರ್ವಹಣಾ ಸಮಿತಿಯ ಸದಸ್ಯನಾದೆ.

ಮೊದಲ ಅಣಕು ಕಾರ್ಯಾಚರಣೆಯ ದಿನ ಎಲ್ಲವೂ ಕ್ರಮವಾಗಿಯೇ ಇತ್ತು. ವಾಟ್ಸಾಪಿನಲ್ಲಿ ಸಂದೇಶ ಹೋಗಿತ್ತು, ಜೀಪಿನಲ್ಲಿ ಮೈಕು ಕೂಗಿತ್ತು, ಹೊತ್ತಿಗೆ ಸರಿಯಾಗಿ ಶಾಲೆಯಿಂದ ಸೈರನ್ ಮೊಳಗಿತು. ಸೈರನ್ ಕೇಳಿದ ಕೂಡಲೇ ಊರಿನವರೆಲ್ಲ ಶಾಲೆಗೆ ಬಂದು ಸೇರಬೇಕಿತ್ತು. ಅಗ್ನಿಶಾಮಕದವರು ಸ್ಟ್ರೆಚರ್ ಬಿಡಿಸಿಕೊಂಡು ಕಾದರು. ಆಶಾ ಕಾರ್ಯಕರ್ತೆ ಬ್ಯಾಂಡೇಜು ಹಿಡಿದು ಕಾದಳು. ಬಂದವನು ನಾನೊಬ್ಬ, ಬಟ್ಟೆಬರೆಯ ಚೀಲ ಸಮೇತ. ಆಮೇಲೆ ಇನ್ನೊಬ್ಬರು ಬಂದರು. ಅವರು ಬಂದದ್ದು ಈ ಗಲಾಟೆ ಯಾವಾಗ ನಿಲ್ಲುತ್ತದೆ ಎಂದು ಕೇಳಲಿಕ್ಕೆ. ಬಂದ ತಪ್ಪಿಗೆ ನನ್ನನ್ನೇ ಗಾಯಾಳು ಮಾಡಿ, ಸ್ಟ್ರೆಚರಿನಲ್ಲಿ ಮಲಗಿಸಿ, ಅಂಗಳಕ್ಕೊಂದು ಸುತ್ತು ಹಾಕಿಸಿ, ಫೋಟೋ ತೆಗೆದರು.

ಮರುದಿನ ರೇಣುಕಾ ಮನೆಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ವಿಚಾರಿಸಿದರು. ಎಲ್ಲ ಮನೆಯಲ್ಲೂ ಸಿಕ್ಕಿದ ಉತ್ತರ ಒಂದೇ: ಯಾರೂ ಕರೆದಿರಲಿಲ್ಲ. ಆಕೆಗೆ ತಲೆಬುಡ ತಿಳಿಯಲಿಲ್ಲ. ನಾನು ವಿವರಿಸಬೇಕಾಯಿತು. ನೋಡಿ, ನಮ್ಮಲ್ಲಿ ಕರೆಯುವುದು ಅಂದರೆ ಮನೆಗೆ ಹೋಗಬೇಕು, ಕೂರಬೇಕು, ಕೊಟ್ಟದ್ದು ಕುಡಿಯಬೇಕು, ಅವರ ಆಕಳು ಗಬ್ಬವಾಯಿತೇ ಎಂದು ಕೇಳಬೇಕು, ಎದ್ದು ಹೊರಡುವಾಗ ಕುಂಕುಮ ಕೊಟ್ಟು ಇಂಥ ದಿನ ಇಂಥ ಕಾರ್ಯ, ಎಲ್ಲರೂ ಬರಬೇಕು ಎನ್ನಬೇಕು. ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಹೋಗುವವರು ಊಟಕ್ಕೆ ಗತಿಯಿಲ್ಲದವರು. ಇನ್ನು ಸೈರನ್ನಿಗೆ ಹೋಗುವುದೆಂದರೆ ಕೇಳಬೇಕೇ?

"ಹಂಗಾರ ಕರ್ಯೂಣ ನಡೀರಿ," ಅಂದರು ರೇಣುಕಾ.

ನನ್ನ ಹೆಂಡತಿ ನಗುತ್ತಲೇ ಕುಂಕುಮದ ಭರಣಿ ಕೊಟ್ಟಳು. ಎರಡನೆಯ ಕಾರ್ಯಾಚರಣೆ ಗೊತ್ತಾಗಿದ್ದು ಬುಧವಾರಕ್ಕೆ. ನಾವಿಬ್ಬರೂ ಹೊರಟೆವು, ಸರ್ಕಾರ ಮುಂದೆ, ನಾನು ಹಿಂದೆ. ಬುಧವಾರ ಬೆಳಿಗ್ಗೆ ಗುಡ್ಡ ಕುಸಿಯುತ್ತದೆ, ಶಾಲೆಯಲ್ಲಿ ಇಟ್ಟುಕೊಂಡಿದ್ದೇವೆ, ತಪ್ಪದೆ ಬರಬೇಕು ಎಂದು ಮನೆಮನೆಯಲ್ಲೂ ಹೇಳಿದೆ. ಯಾರೂ ನಗಲಿಲ್ಲ. "ಊಟ ಇದ್ದಾ, ಬರೇ ಚಾ ಮಾತ್ರವಾ?" ಎಂದು ಮೊದಲ ಮನೆಯಲ್ಲೇ ಕೇಳಿದರು. ಸಮಿತಿಯ ಸದಸ್ಯನಾಗಿ ನನಗೇ ಅದು ತಿಳಿದಿರಲಿಲ್ಲ. ರೇಣುಕಾ ಅಲ್ಲೇ ನಿಂತು ಪಂಚಾಯತಿಗೆ ಫೋನು ಮಾಡಿ ಊಟ ಮಂಜೂರು ಮಾಡಿಸಿದರು.

ಕೊನೆಗೆ ಉಳಿದದ್ದು ಊರ ವರಸೆಯಲ್ಲಿ ನನಗೆ ಅತ್ತಿಗೆಯಾಗುವ ಭಾಗೀರಥಿಯವರ ಮನೆ. ಬಿರುಕಿನ ನೇರ ಕೆಳಗೆ ಇದ್ದದ್ದು ಅದೊಂದೇ. ಗುಡ್ಡ ನಿಜವಾಗಿಯೂ ಇಳಿದರೆ ಮೊದಲು ಹೊಗುವುದು ಅವರ ಕೊಟ್ಟಿಗೆಗೆ, ಆಮೇಲೆ ಅಡುಗೆಮನೆಗೆ. ಗಂಡ ಶಿರಸಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಹಗಲಿಡೀ ಮನೆಯಲ್ಲಿ ಅತ್ತಿಗೆ ಮತ್ತು ಎಮ್ಮೆಗಳು. ಆದರೆ ನನ್ನ ಕಾಲು ಆ ಮನೆಯ ತಿರುವಿನಲ್ಲಿ ತಾನಾಗಿ ಹಿಂದೆ ತಿರುಗಿತು. ಆ ಮನೆಗೂ ಊರಿಗೂ ಹೋಗಿಬಂದು ಉಣ್ಣುವ ಹೊಕ್ಕುಬಳಕೆ ಇರಲಿಲ್ಲ. ನಾನು ಹುಟ್ಟುವುದಕ್ಕೂ ಮೊದಲು ಯಾವುದೋ ಮದುವೆಯ ಪಂಕ್ತಿಯಲ್ಲಿ ಅತ್ತಿಗೆಯ ಮಾವನ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದರಂತೆ. ಬಡಿಸದವರು ಸತ್ತರು, ಉಣ್ಣದವರು ಸತ್ತರು, ಆ ಮದುವೆಯ ಗಂಡೂ ಹೆಣ್ಣೂ ಸತ್ತರು. ಸಿಟ್ಟೊಂದನ್ನು ಮಾತ್ರ ಊರು ಉಪ್ಪಿನಕಾಯಿಯ ಹಾಗೆ ಕೆಡದಂತೆ ನೋಡಿಕೊಂಡಿತ್ತು.

ರೇಣುಕಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಗುಡ್ಡದ ಕಡೆ ನೋಡಿ, "ನಿಮಗ ಅವರಿಗೆ ಹೊಕ್ಕುಬಳಕಿ ಇಲ್ಲಂತ ಆ ಗುಡ್ಡಕ್ಕ ಗೊತ್ತೈತೇನ್ರಿ?" ಅಂದರು.

ನನ್ನ ಕೈಯಿಂದ ಭರಣಿ ಕಸಿದುಕೊಂಡು ಆಕೆ ಒಳಗೆ ಹೋಗಿಯೇಬಿಟ್ಟರು. ಸರ್ಕಾರಕ್ಕೆ ಯಾರ ಪಾಯಸದ ಹಂಗೂ ಇಲ್ಲವಲ್ಲ. ನಾನು ಬೇಲಿಯ ಬಾಗಿಲಾದ ದಣಪೆಯಾಚೆ ನಿಂತೆ. ಅಲ್ಲಿಂದ ಮನೆಯ ಮಾಡಿನ ಮೇಲುಗಡೆ ಗುಡ್ಡದ ಬಿರುಕು ಚೆನ್ನಾಗಿ ಕಾಣುತ್ತಿತ್ತು. ಹೋದ ತಿಂಗಳಿಗಿಂತ ಅಗಲವಾಗಿತ್ತು. ಅತ್ತಿಗೆ ಬರುವುದಿಲ್ಲ ಅಂದುಬಿಟ್ಟರೆ? ಊರಿಡೀ ಶಾಲೆಯಲ್ಲಿ ಕೂತು ಉಣ್ಣುವಾಗ ಈ ಒಂದು ಮನೆ ಮಾತ್ರ ಇಲ್ಲೇ ಉಳಿದರೆ?

ಜಗುಲಿಯಲ್ಲಿ ಅತ್ತಿಗೆ ಯಾರ ಮನೆಯ ಕಾರ್ಯ ಎಂದು ಕೇಳಿದ್ದು, ಸರ್ಕಾರದ್ದು ಎಂದು ರೇಣುಕಾ ಹೇಳಿದ್ದು ಕೇಳಿಸಿತು. ಆಮೇಲೆ ಅತ್ತಿಗೆಯ ದನಿ, ನನಗೆ ಕೇಳಿಸಲಿ ಎಂದೇ ಎತ್ತಿದ್ದು:

"ಸರ್ಕಾರ ಕರದ್ದು ಸಮ. ಆ ದಣಪೆ ಹತ್ರ ನಿಂತ್ಕಂಡಂವ ಎಂತ ಹೇಳ್ತ?"

ದಣಪೆ ದಾಟಿದೆ. ಅಷ್ಟೂ ಮನೆಗಳಲ್ಲಿ ಸರಾಗವಾಗಿ ಬಂದ ಮಾತು ಆ ಅಂಗಳದಲ್ಲಿ ತುಂಡುತುಂಡಾಯಿತು. "ಅತ್ತಿಗೆ, ಬುಧವಾರ... ಗುಡ್ಡ... ಬರವು" ಎಂದಷ್ಟೇ ತೊದಲಿದೆ. ಅವರು ಒಳಗೆ ಹೋಗಿ ಮಜ್ಜಿಗೆ ತಂದಿಟ್ಟರು. ಕುಡಿದೆ. ನಮ್ಮಲ್ಲಿ ಒಂದು ಮನೆಯಲ್ಲಿ ಕುಡಿದದ್ದನ್ನು ಕುಡಿದಿಲ್ಲ ಎನ್ನಲು ಬರುವುದಿಲ್ಲ. ಊರಿನವರು ಕೇಳಿದಾಗ, ಅದು ಸರ್ಕಾರಿ ಕೆಲಸದ ಮೇಲೆ ಕುಡಿದದ್ದು ಎಂದೆ. ಯಾರೂ ಆಕ್ಷೇಪಿಸಲಿಲ್ಲ. ಎಲ್ಲರಿಗೂ ಒಂದು ನೆಪ ಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಬುಧವಾರ ಅತ್ತಿಗೆಯೂ ಸೇರಿ ಊರಿಗೆ ಊರೇ ಬಂತು, ಹೆಂಗಸರು ಒಳ್ಳೊಳ್ಳೆಯ ಸೀರೆ ಉಟ್ಟು. ಮದುವೆಮನೆಯಲ್ಲಿ ಅನ್ನದ ಕೊಪ್ಪರಿಗೆ ಹೊರುವವರು ಹೇಳಿಸಿಕೊಳ್ಳದೆ ಸ್ಟ್ರೆಚರಿಗೆ ಕೈಕೊಟ್ಟರು. ಪಂಕ್ತಿ ಕೂರಿಸುವ ಮೊದಲು ಯಾವ ಮನೆಯವರು ಇನ್ನೂ ಬಂದಿಲ್ಲ ಎಂದು ನೋಡುವ ಅಭ್ಯಾಸದವರು ಅದನ್ನೇ ಮಾಡಿದರು. ಇಷ್ಟು ಅಚ್ಚುಕಟ್ಟಾದ ತಂಡಕ್ಕೆ ತರಬೇತಿ ಕೊಟ್ಟವರು ಯಾರು ಎಂದು ಅಗ್ನಿಶಾಮಕದವರು ಕೇಳಿದರು.

ಅದೇ ಮಳೆಗಾಲದಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ರೇಣುಕಾ ನಿಜವಾದ ಸೈರನ್ ಹಾಕಿಸಿದರು. ನಾನು ಭರಣಿಯನ್ನೂ ಮರೆತು, ಮೊದಲು ಅತ್ತಿಗೆಯ ಮನೆಗೇ ಓಡಿದೆ. ಅವರಾಗಲೇ ಎಮ್ಮೆಗಳ ಹಗ್ಗ ಬಿಚ್ಚುತ್ತಿದ್ದರು. ಸಂಜೆಯೊಳಗೆ ಗುಡ್ಡ ಬಂತು. ಕೊಟ್ಟಿಗೆಯನ್ನೂ ಅಡುಗೆಮನೆಯನ್ನೂ ತೆಗೆದುಕೊಂಡು ಹೋಯಿತು. ಆ ಹೊತ್ತಿಗೆ ಅತ್ತಿಗೆ ಶಾಲೆಯಲ್ಲಿ ಪಂಚಾಯತಿಯ ಸಾರಿನಲ್ಲಿ ಉಪ್ಪು ಸಾಲದೆಂದು ಸೌಟು ಕಿತ್ತುಕೊಂಡಿದ್ದರು. ಕೆಟ್ಟ ಸುದ್ದಿ ಬಂದಾಗ ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ಬಡಿಸತೊಡಗಿದರು, ಯಾರ ಎಲೆಯನ್ನೂ ಬಿಡದೆ. ಅಂದು ಪಾಯಸವಿರಲಿಲ್ಲ. ಹಾಗಾಗಿ ಹೊಸ ಜಗಳಕ್ಕೆ ಆಸ್ಪದವಾಗಲಿಲ್ಲ.

ಅವರೀಗ ಗುಡ್ಡದಿಂದ ದೂರದ ಬಯಲಿನಲ್ಲಿ ಹೊಸ ಮನೆ ಕಟ್ಟಿದ್ದಾರೆ. ರೇಣುಕಾ ವರ್ಗವಾಗಿ ಯಲ್ಲಾಪುರಕ್ಕೆ ಹೋದರು. ಗುಡ್ಡ ಇನ್ನೂ ಅರ್ಧ ಉಳಿದಿದೆ, ನಾನಂತೂ ಪೂರ್ತಿ ಉಳಿದಿದ್ದೇನೆ. ನಿನ್ನೆ ಮಧ್ಯಾಹ್ನ ಮೋಡ ಕಟ್ಟಿದ್ದು ನೋಡಿ, ಈ ಸಲದ ಅಣಕು ಕಾರ್ಯಾಚರಣೆಗೆ ಕರೆಯುವ ಕೆಲಸ ಶುರುಮಾಡೋಣ ಎಂದು ಹೊರಟೆ. ಅರ್ಧ ದಾರಿಯಲ್ಲಿ ಕೊಡೆ ಹಿಡಿದು ಅತ್ತಿಗೆಯೇ ಎದುರಾದರು. ಆಚೆಕೇರಿಯವರನ್ನೆಲ್ಲ ಕರೆದಾಯಿತಂತೆ, ಇನ್ನು ಉಳಿದದ್ದು ನನ್ನ ಮನೆಯಂತೆ. ಹೇಗೂ ಸಿಕ್ಕಿದಿರಲ್ಲ, ಇಲ್ಲೇ ಹೇಳಿಬಿಡಿ ಅಂದೆ.

"ದಾರಿ ಮೇಲೆ ಕರದ್ರೆ ಕರದಂಗೆ ಆಗ್ತಿಲ್ಲೆ ತಮಾ," ಅಂದರು. "ಮನಿಗೆ ನಡಿ."

ನಾನು ತಿರುಗಿ ಮನೆಗೆ ಬಂದು, ಜಗುಲಿಯಲ್ಲಿ ಕೂತು, ಅವರು ಬರುವುದನ್ನೇ ಕಾದೆ.