ಶಾಹೀನಳ ಹೂಂ ಎಲ್ಲಿ ಹೋಯಿತು?

‘ಆಕಿ ನಡಬರಕ ಫೋನ್ ಇಟ್ಟಬಿಡ್ತಾಳ್ರಿ. ಸೊಕ್ಕು!’

ಇದು ನರಗುಂದದ ಅಂಗಡಿಯಲ್ಲಿ ಕೂರುವ ನಮ್ಮ ಮ್ಯಾನೇಜರ್ ಪಾಟೀಲರ ದೂರು. ಆಕಿ ಎಂದರೆ ಗಜೇಂದ್ರಗಡದ ಅಂಗಡಿಯಲ್ಲಿ ಫೋನ್ ನೋಡಿಕೊಳ್ಳುವ ಶಾಹೀನ್. ನೇಕಾರರಿಂದ ಸೀರೆ ಕೊಂಡು ಮಾರುವ ನಮ್ಮ ಕಂಪನಿಗೆ ರೋಣದಲ್ಲೂ ಒಂದು ಅಂಗಡಿ ಇದೆ. ಅಲ್ಲಿ ಕುಳಿತು ಮೂರೂ ಕಡೆಯ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. (ಅಂಕಣದಿಂದ ಹೊಟ್ಟೆ ತುಂಬುತ್ತದೆ ಅಂದುಕೊಂಡಿದ್ದಿರಾ?)

ಈಚೆಗೆ ಮೂರೂ ಅಂಗಡಿಗೆ ಇಂಟರ್‌ನೆಟ್ ಫೋನ್ ಬಂತು. ಮಾತನ್ನು ಚೂರು ಚೂರು ಮಾಡಿ ಕೇಬಲ್‌ನಲ್ಲಿ ಕಳಿಸುವ ಪೆಟ್ಟಿಗೆಗೆ ಗೇಟ್‌ವೇ ಎಂದು ಹೆಸರು. ಬಂದ ವಾರದಿಂದಲೇ ರಗಳೆ. ಪಾಟೀಲರು ತಮಗೆ ಬೇಕಾದ ಸೀರೆಯ ಅಂಚು, ಸೆರಗು, ಬಣ್ಣ ಎಂದು ಉದ್ದಕ್ಕೆ ಹೇಳುತ್ತಾರೆ. ಆ ಕಡೆ ಲೈನ್ ಸತ್ತಂತೆ ನಿಶ್ಶಬ್ದ. ‘ಹಲೋ, ಹಲೋ’ ಎಂದು ಕೂಗಿ ಕೊನೆಗೆ ಇವರೇ ಫೋನ್ ಇಡುತ್ತಾರೆ. ಬೈಗುಳ ಮಾತ್ರ ಶಾಹೀನಳಿಗೆ. ಸೋಮವಾರದಿಂದ ಆಕೆ ಫೋನ್ ಬಿಟ್ಟು ಗೋದಾಮಿನಲ್ಲಿ ಸೀರೆ ಮಡಚಬೇಕು ಎಂಬ ಹುಕುಂ ಕೂಡ ಆಯಿತು.

ಪೆಟ್ಟಿಗೆ ಮಾರಿದವರನ್ನು ಕೇಳಿದೆ. ಅವರ ಎಂಜಿನಿಯರ್ ಹೇಳಿದ, ‘ಪ್ರಾಬ್ಲಂ ನಮ್ಮ ಬಾಕ್ಸ್‌ದಲ್ಲ ಸರ್, ನಿಮ್ಮ ಸ್ಟಾಫ್‌ದು. ಫೋನಲ್ಲಿ ಹೇಗೆ ಮಾತಾಡಬೇಕು ಅಂತ ಟ್ರೇನಿಂಗ್ ಕೊಡಿ.’

ನನಗೆ ಉರಿಯಿತು. ಮಾತು ನಮಗೆ ಇವನು ಕಲಿಸಬೇಕೆ? ನೋಡೇಬಿಡೋಣ ಎಂದು ಲ್ಯಾಪ್‌ಟಾಪ್ ಜೊತೆಗೆ, ಒಂದೇ ಕೇಬಲ್‌ಗೆ ಹಲವು ಕವಲು ಕೊಡುವ ಹಳೆಯದೊಂದು ಹಬ್ ಚೀಲಕ್ಕೆ ತುರುಕಿ ಗಜೇಂದ್ರಗಡದ ಬಸ್ ಹತ್ತಿದೆ. ಗೇಟ್‌ವೇಗೂ ಕೇಬಲ್‌ಗೂ ನಡುವೆ ಹಬ್ ಸಿಕ್ಕಿಸಿದರೆ, ಹೋಗುವ ಬರುವ ಪ್ರತಿ ಚೂರೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಸೆರೆಯಾಗುತ್ತದೆ. (ಇಬ್ಬರಿಗೂ ಹೇಳಿಯೇ ಮಾಡಿದೆ. ಕದ್ದು ಕೇಳುವ ಚಟ ನನಗಿಲ್ಲ.)

ಪಾಟೀಲರು ಫೋನ್ ಮಾಡಿದರು. ಶಾಹೀನ್ ಕೇಳುತ್ತ ಹೋದಳು. ನಮ್ಮ ಕಡೆ ಕೇಳುವುದು ಹೇಗೆಂದು ಗೊತ್ತಲ್ಲ? ತುಟಿ ಬಿಚ್ಚದೆ ಮಾತು ಮಾತಿಗೆ ‘ಹೂಂ’. ಹೂಂಗುಟ್ಟದಿದ್ದರೆ ಅಜ್ಜಿ ಕೂಡ ಕಥೆ ಮುಂದುವರಿಸುವುದಿಲ್ಲ. ಪಕ್ಕದಲ್ಲಿ ಕುಳಿತ ನನಗೆ ಆಕೆಯ ಪ್ರತಿ ಹೂಂ ಕೇಳುತ್ತಿತ್ತು. ಪರದೆಯ ಮೇಲೆ? ಪಾಟೀಲರ ಮಾತಿನ ಚೂರುಗಳು ಸಾಲುಗಟ್ಟಿ ಬರುತ್ತಿದ್ದವು. ಈ ಕಡೆಯಿಂದ ಒಂದೂ ಹೋಗುತ್ತಿರಲಿಲ್ಲ. ಆಕೆ ಬಾಯಿ ಬಿಟ್ಟು ‘ಯಾವ ಬಣ್ಣಾರಿ?’ ಎಂದ ಕೂಡಲೇ ಹೊರಟವು.

ಸಿಕ್ಕಿತಲ್ಲ ಕಳ್ಳ! ದನಿ ಸಣ್ಣದಾದರೆ ಅದನ್ನು ಮೌನವೆಂದು ತಿಳಿದು ಕಳಿಸದೇ ಇರುವ ಸೆಟಿಂಗ್ ಒಂದು ಪೆಟ್ಟಿಗೆಯೊಳಗಿತ್ತು. ಲೈನ್ ಮೇಲಿನ ಭಾರ ಇಳಿಸಲಿಕ್ಕಂತೆ.

ಎಂಜಿನಿಯರ್‌ಗೆ ಫೋನ್ ಹಚ್ಚಿ ಹೇಳಿದೆ. ‘ಹಾಗಾದರೆ ಹೂಂ ಬದಲು ಜೋರಾಗಿ ಯೆಸ್ ಸರ್ ಅನ್ನೋಕೆ ಹೇಳಿ’ ಎಂದ.

ಶಾಹೀನಳಿಗೆ ತಿಳಿಸಿದೆ. ‘ನಮ್ಮ ಅಬ್ಬಾಗ ಸೈತ ಯೆಸ್ ಸರ್ ಅಂದಾಕಿ ಅಲ್ರಿ ನಾ. ಈ ಪೆಟಗಿಗೆ ಅನ್ಲೇನು?’

ಖರೇ ಮಾತು. ಎಲ್ಲೋ ಕುಳಿತವರು ಮಾಡಿದ ಪೆಟ್ಟಿಗೆಗೆ ನಮ್ಮ ಹೂಂ ಕೇಳದಿದ್ದರೆ ತಪ್ಪು ಹೂಂನದೇ? ಕೇಳುವುದನ್ನು ಅದು ಕಲಿಯಲಿ, ನಾವು ಬದಲಾಗುವುದಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಆ ಸೆಟಿಂಗ್ ಕಿತ್ತೊಗೆದೆ. ಲೈನ್ ಮೇಲೆ ತುಸು ಭಾರ ಬಿದ್ದರೆ ಬೀಳಲಿ.

ಪಾಟೀಲರಿಗೆ ಎಲ್ಲ ವಿವರಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಶಾಹೀನಳಿಗೆ ಫೋನ್ ಮಾಡಿದರು. ಆಕೆ ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು.

‘ತಪ್ಪ ತಿಳಕೊಂಡಿದ್ನೆವಾ. ನೀ ಗೋದಾಮಿಗೆ ಹೋಗೂದ ಬ್ಯಾಡ.’

‘ಹೂಂ.’

‘ಸೊಕ್ಕು ಅಂತ ಅನ್ನಬಾರದಿತ್ತು.’

‘ಹೂಂ.’

‘ಸಿಟ್ಟ ಹೋತಿಲ್ಲ ಹಂಗಾರ?’

ಉತ್ತರವಿಲ್ಲ.

‘ಹಲೋ? ಹಲೋ? ಮತ್ತ ಕೆಟ್ಟತೇನ ಪೆಟಗಿ?’

ನಾನು ಗಾಬರಿಯಾಗಿ ಪರದೆ ನೋಡಿದೆ. ಈಗ ಮೌನದ ಚೂರುಗಳೂ ಸರಿಯಾಗಿಯೇ ಹೋಗುತ್ತಿದ್ದವು.

ಶಾಹೀನ್ ಫೋನಿನ ಹತ್ತಿರ ಬಾಗಿ ಹೇಳಿದಳು: ‘ಪೆಟಗಿ ಚಲೋ ಐತ್ರಿ ಸಾಹೇಬ್ರ. ಈ ಸಲ ಸುಮ್ಮನಾದಾಕಿ ನಾನ.’