ಅಮ್ಮನ ಕಾಯಿಲೆಯ ಹೆಸರು

ವಿಜಯನಗರದಲ್ಲಿ ನನ್ನದು ಬ್ಲೌಸ್ ಪೀಸಿನ ಅಂಗಡಿ. ಮುಟ್ಟು ನಿಂತು ವರ್ಷ ಕಳೆದಿತ್ತು. ಗಿರಾಕಿಗಳ ಜೊತೆ ಮಾತಾಡುತ್ತಿದ್ದಂತೆ ಎದೆಯಿಂದ ಕಾವೆದ್ದು ಮುಖವೆಲ್ಲ ಬೆವರು. ಇವಳು ಸುಳ್ಳು ರೇಟು ಹೇಳುತ್ತಿದ್ದಾಳೆ ಎಂದುಕೊಂಡು ಅವರು ಇನ್ನೂ ಇಳಿಸುತ್ತಿದ್ದರು. ನಿದ್ದೆಯಿಲ್ಲ. ಸೊಂಟದ ಸುತ್ತ ಮೈ ಬಂದು ಸಕ್ಕರೆಯೂ ಏರಿತ್ತು.

ಪಕ್ಕದ ಬಳೆ ಅಂಗಡಿಯಾಕೆ ಇದೇ ಕಾಟಕ್ಕೆ ಹಾರ್ಮೋನ್ ಮಾತ್ರೆ ನುಂಗಿ ಹಾಯಾಗಿ ಮಲಗುತ್ತಿದ್ದಳು. ಪೇಪರಿನಲ್ಲಿ ಆಗ ಆ ಮಾತ್ರೆಯ ಬಗ್ಗೆ ಹೆದರಿಸುವ ಸುದ್ದಿ ಬರುತ್ತಿದ್ದರೂ ನನಗೆ ಅದೇ ಬೇಕಾಗಿತ್ತು. ಲಗ್ಗೆರೆಯ ತಂಗಿಯನ್ನು ಕರೆದುಕೊಂಡು ರಾಜಾಜಿನಗರದ ಡಾಕ್ಟರಮ್ಮನ ಬಳಿ ಹೋದೆ.

“ನಿಮ್ಮ ತಾಯಿ ಏನಾಗಿ ಹೋದ್ರು?”

“ಹೊಟ್ಟೆ ಹುಣ್ಣು” ಅಂದೆ.

ಅಮ್ಮನಿಗೆ ಆಗಿದ್ದು ಎದೆಯ ಗಂಟು. ನಾವಿಬ್ಬರೂ ಮದುವೆಗೆ ಬೆಳೆದು ನಿಂತಿದ್ದೆವು. ಕಾಯಿಲೆಯ ಹೆಸರು ಹೊರಬಿದ್ದರೆ ಗಂಡು ಸಿಗುವುದಿಲ್ಲವೆಂದು ಅಪ್ಪ ಎಲ್ಲರಿಗೂ ಹೊಟ್ಟೆ ಹುಣ್ಣು ಎಂದಿದ್ದರು. ಹೇಳಿ ಹೇಳಿ ನಮ್ಮ ಬಾಯಲ್ಲೂ ಅದೇ ಕೂತಿತ್ತು.

ಡಾಕ್ಟರು ಪೆನ್ನು ತೆಗೆದರು. “ಮನೇಲಿ ಯಾರಿಗೂ ಎದೆ ಕ್ಯಾನ್ಸರ್ ಇರ್ಲಿಲ್ಲ ತಾನೆ? ಇದ್ರೆ ಈ ಮಾತ್ರೆ ಕೊಡೋಕೆ ಯೋಚ್ನೆ ಮಾಡ್ಬೇಕಾಗುತ್ತೆ.”

ತಂಗಿ ನನ್ನ ತೊಡೆ ಚಿವುಟಿದಳು. ಅವಳ ಮಗಳಿಗೆ ಸಂಬಂಧವೊಂದು ಕೂಡಿಬರುವುದರಲ್ಲಿತ್ತು. ವ್ಯಾಪಾರದಲ್ಲಿ ಎಷ್ಟೋ ಸಂಗತಿ ಮುಚ್ಚಿಟ್ಟು ಗೆದ್ದವಳು ನಾನು. ಇಲ್ಲಿ ಮುಚ್ಚಿಟ್ಟರೆ ಮೋಸ ಹೋಗುವವಳೂ ನಾನೇ.

“ನಮ್ಮಮ್ಮಂಗಿತ್ತು ಡಾಕ್ಟ್ರೇ. ಅದ್ರಲ್ಲೇ ಹೋದ್ರು.”

ಮೊದಲು ಎದೆ ಪರೀಕ್ಷೆ ಮಾಡಿಸಿ ಬನ್ನಿ ಎಂದರು.

“ಕಮ್ಮಿ ಪವರಿಂದು, ಸ್ವಲ್ಪ ದಿನಕ್ಕಾದ್ರೂ ಕೊಡಿ” ಎಂದು ಚೌಕಾಸಿಗಿಳಿದೆ.

“ಇದು ನಿಮ್ಮಂಗಡಿ ಅಲ್ಲಮ್ಮ. ಸಕ್ಕರೆಗಂತೂ ಇದು ಮದ್ದೇ ಅಲ್ಲ. ಅದಕ್ಕೆ ನಡೀಬೇಕು, ಊಟ ನೋಡ್ಕೋಬೇಕು.”

ಬಸ್ ಸ್ಟಾಪಿನಲ್ಲಿ ತಂಗಿ ಸಿಡುಕಿದಳು. “ಬಾಯ್ಮುಚ್ಕೊಂಡಿರೋಕಾಗ್ಲಿಲ್ವೇನೇ ಅಕ್ಕ? ಹುಡ್ಗನ ಮನೆಯವ್ರಿಗೆ ಗೊತ್ತಾದ್ರೆ?”

“ಡಾಕ್ಟ್ರು ಹೋಗಿ ತಮಟೆ ಹೊಡೀತಾರಾ? ಅಮ್ಮ ನಿಂಗೂ ಅಮ್ಮನೇ ಕಣೇ. ನೀನೂ ತೋರಿಸ್ಕೋ.”

ಅವಳ ಬಸ್ಸು ಬಂತು. ಹತ್ತಲಿಲ್ಲ. “ಒಬ್ಳೇ ಹೋಗೋಕೆ ಭಯ ಕಣೇ” ಅಂದಳು.

ಮರುವಾರ ಇಬ್ಬರೂ ಪರೀಕ್ಷೆ ಮಾಡಿಸಿದೆವು. ನನಗೆ ಏನೂ ಇರಲಿಲ್ಲ. ಅವಳ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಂಟಿತ್ತು; ಅಮ್ಮನದೇ ಕಾಯಿಲೆ.

ಆಮೇಲೆ ನನಗೆ ಆ ಮಾತ್ರೆ ಕೊಡುವ ಮಾತೇ ಬರಲಿಲ್ಲ. ನಡೆದೆ, ಮುದ್ದೆ ಚಿಕ್ಕದು ಮಾಡಿದೆ, ಸಕ್ಕರೆ ಇಳಿಯಿತು, ಬೆವರನ್ನು ಸಹಿಸಿಕೊಂಡೆ. ಬುದ್ಧಿ ಹೇಳುವ ಚಾಳಿ ನನ್ನದು, ಹೇಳಿಬಿಡುತ್ತೇನೆ: ನಿಮ್ಮ ತಾಯಿ, ಚಿಕ್ಕಮ್ಮಂದಿರು ಏನಾಗಿ ಹೋದರೆಂದು ಸರಿಯಾಗಿ ಕೇಳಿ ತಿಳಿದುಕೊಂಡು ಡಾಕ್ಟರ ಬಳಿ ಹೋಗಿ.

ಆಪರೇಷನ್ನಿಗೆ ಮುಂಚೆ ತಂಗಿ, ನಾನು ಬೇಡವೆಂದರೂ, ಹುಡುಗನ ಮನೆಯವರಿಗೆ ತಾನೇ ಹೇಳಿದಳು. ಸಂಬಂಧ ಮುರಿಯಿತು. ತಂಗಿ ಉಳಿದಳು.