ಸ್ಕ್ರೂ ಅಕ್ಕ ಕೇಳದೆ ಹಾಕಿದ ಅಪ್‌ಡೇಟ್

ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳನ್ನು ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ದೀಪ, ತುಟಿಯ ನಡುವೆ ಸದಾ ಎರಡು ಸ್ಕ್ರೂ. ಅವಳದೊಂದು ಪದ್ಧತಿಯಿತ್ತು. ರಿಪೇರಿಯಾದ ಯಂತ್ರಕ್ಕೆ ಕಂಪನಿ ಕಳಿಸಿದ ಅಪ್‌ಡೇಟ್‌ಗಳನ್ನೆಲ್ಲ ಹಾಕಿಯೇ ವಾಪಸ್ ಕೊಡುವುದು, ಕೂಸಿನ ಮುಖ ತೊಳೆದು ಕಳಿಸಿದ ಹಾಗೆ. ಅವಳು ಯಾರನ್ನೂ ಕೇಳುತ್ತಿರಲಿಲ್ಲ, ಯಾರೂ ಬೇಡವೆಂದಿರಲಿಲ್ಲ.

ನಿವೃತ್ತ ಬಸ್ ಡ್ರೈವರೊಬ್ಬರು, ಅವಳ ಬಾಯಲ್ಲಿ ಡ್ರೈವರ್ ಮಾವ, ಒಳಗಿನ ಫ್ಯಾನ್ ಸದ್ದು ಮಾಡುತ್ತಿದೆಯೆಂದು ತಮ್ಮ ಯಂತ್ರ ತಂದರು. ಲಕ್ವ ಹೊಡೆದು ಅವರ ಬಲಗೈ ಬಿದ್ದು ಮೂರು ವರ್ಷ. ಹಿಡಿದು ಆಡಲು ಕಂಪನಿ ಕೊಡುವ ಕಂಟ್ರೋಲರ್ ಎರಡು ಕೈ ಇದ್ದವರಿಗೆ ಮಾತ್ರ. ಅದಕ್ಕೇ ಸ್ಕ್ರೂ ಅಕ್ಕ ಮರದ ಪೆಟ್ಟಿಗೆಗೆ ದೊಡ್ಡ ಗುಂಡಿ ಕೂರಿಸಿ ಎಡಗೈಗೆ ಒಗ್ಗುವಂಥದ್ದೊಂದನ್ನು ಮಾಡಿಕೊಟ್ಟಿದ್ದಳು. ದಿನಾ ಸಂಜೆ ಆರಕ್ಕೆ ಮಾವ ಅದರಲ್ಲಿ ದೂರದೂರಿನ ತಂಗಿಯ ಜೊತೆ ಇಂಟರ್‌ನೆಟ್‌ನಲ್ಲಿ ಕಾರ್ ರೇಸ್ ಆಡುತ್ತಿದ್ದರು. ತಂಗಿ ಹಾಸಿಗೆ ಹಿಡಿದವಳು. ಅಣ್ಣ ತಂಗಿಗೆ ಉಳಿದಿದ್ದ ಒಡನಾಟ ಅದೊಂದೇ.

ಫ್ಯಾನ್ ಸರಿಹೋಯಿತು. ಅಭ್ಯಾಸದಂತೆ ಅಪ್‌ಡೇಟೂ ಹಾಕಿದಳು. ಮರದ ಪೆಟ್ಟಿಗೆ ಜೋಡಿಸಿದರೆ ಪರದೆಯ ಮೇಲೆ ಒಂದೇ ಸಾಲು: ಈ ಉಪಕರಣಕ್ಕೆ ಅನುಮತಿ ಇಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. ಕಾರ್ ರೇಸ್ ಆಟ ತಯಾರಿಸಿದವರ ತಕರಾರಿರಲಿಲ್ಲ, ತಕರಾರು ಯಂತ್ರ ತಯಾರಿಸಿದ ಕಂಪನಿಯದು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಕಂಪನಿಗೆ ಫೋನು ಹಚ್ಚಿ ನಲವತ್ತು ನಿಮಿಷ ಅವರ ದರಿದ್ರ ಸಂಗೀತ ಕೇಳಿದಳು. ಕೊನೆಗೆ ಸಿಕ್ಕವನು, ಹಳೆಯದಕ್ಕೆ ವಾಪಸ್ ಹೋಗಲು ಬರುವುದಿಲ್ಲ, ಇದೆಲ್ಲ ನಿಮ್ಮ ಸುರಕ್ಷತೆಗೇ ಎಂದ.

"ಒಂದು ಕೈಯಲ್ಲಿ ಆಡೋ ಮುದುಕ ಯಾರ ಸುರಕ್ಷತೆ ಕೆಡಿಸ್ತಾನಪ್ಪಾ?" ಎಂದಳು. ಅವನು, ಈ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ.

ಮಾವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರು ಬೈಯಲಿಲ್ಲ. "ಡಿಪೋದಲ್ಲಿ ಬ್ರೇಕ್ ಸ್ವಲ್ಪ ಬಿಗಿ ಮಾಡಿದ್ರೂ ಮೊದಲು ಡ್ರೈವರ್‌ಗೆ ಹೇಳ್ತಿದ್ರಮ್ಮಾ. ಓಡಿಸೋನು ನಾನಲ್ವಾ?" ಎಂದರು ಅಷ್ಟೇ. ಆ ಮಾತು ಕಂಪನಿಗೆ ಎಷ್ಟೋ ತನಗೂ ಅಷ್ಟೇ ಎಂದು ಅವಳಿಗೆ ಗೊತ್ತಾಯಿತು. ನಾಚಿಕೆಯಿಂದ ಸಿಟ್ಟು ಇನ್ನೂ ಏರಿತು.

ನಾಲ್ಕು ದಿನ ಅಣ್ಣ ತಂಗಿಯ ಆಟ ನಿಂತಿತು. ಐದನೇ ದಿನ ಸ್ಕ್ರೂ ಅಕ್ಕ ಕಂಪನಿಯದೇ ಹೊಸ ಕಂಟ್ರೋಲರ್ ಒಡೆದು, ಅದರೊಳಗಿನ ಬೋರ್ಡನ್ನು ಮರದ ಪೆಟ್ಟಿಗೆಗೆ ಬೆಸುಗೆ ಹಾಕಿದಳು. ಯಂತ್ರ ಒಪ್ಪಿಕೊಂಡಿತು. ಸಂಜೆ ಮಾವನ ಮನೆಗೆ ತಾನೇ ಹೊತ್ತೊಯ್ದು ಜೋಡಿಸಿದಳು. ಆರಕ್ಕೆ ಐದು ನಿಮಿಷ ಇರುವಾಗ ಪರದೆಯ ಮೇಲೆ ಮತ್ತೊಂದು ಅಪ್‌ಡೇಟ್ ಬಂದು ಕುಳಿತಿತು. ಹಾಕದಿದ್ದರೆ ಬೇರೆಯವರೊಡನೆ ಆಡುವಂತಿಲ್ಲ. ಕೆಳಗೆ ಎರಡೇ ಗುಂಡಿ: 'ಈಗ', 'ಆಮೇಲೆ'.

ಈ ಸಲ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. "ನೀವೇ ಹೇಳಿ ಮಾವ."

ಮಾವ ಕನ್ನಡಕ ಏರಿಸಿ ಹುಡುಕಿದರು. "ಬೇಡ ಅನ್ನೋದು ಎಲ್ಲಿದೆ?"

"ಅದನ್ನ ಇಟ್ಟಿಲ್ಲ ಮಾವ."

ಆರು ಹೊಡೆಯಿತು. ತಂಗಿ ಕಾಯುತ್ತಿದ್ದಳು. ಮಾವ ಎಡಗೈಯಲ್ಲಿ 'ಈಗ' ಒತ್ತಿದರು.